ತುಂಬಿದ ಮನೆಯೂ ದಣಿದ ಮನಸ್ಸೂ



ಈ ತಿಂಗಳಿನ ನಮ್ಮ ಧ್ಯಾನಕ್ಕಾಗಿ ಲೂಕನು ಬರೆದ ಸುವಾರ್ತೆಯ ೧೦ನೆಯ ಅಧ್ಯಾಯದ ಕೊನೆಯ ಐದು ವಚನಗಳನ್ನು ಮನೆಯವರೆಲ್ಲರೂ ಕೂಡಿಕೊಂಡು ಓದಬೇಕೆಂದು ಬೇಡುತ್ತೇವೆ. ಓದು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ. ಕಥೆ ಚಿಕ್ಕದು, ನಮ್ಮೆಲ್ಲರಿಗೂ ತಿಳಿದದ್ದು. ಆದರೂ ತಿಳಿದ ಕಥೆಯೊಳಗೆ ತಿಳಿಯದ ಮಾತುಗಳು ಅನೇಕ ಉಂಟು.

ಲೂಕನು ಆ ಊರಿನ ಹೆಸರನ್ನು ಹೇಳದೆ ಒಂದು ಹಳ್ಳಿ ಎಂದು ಮಾತ್ರ ಬರೆದಿದ್ದಾನೆ. ಅದು ಯೆರೂಸಲೇಮಿಗೆ ಎರಡು ಮೈಲಿಗಿಂತ ಕಡಿಮೆ ದೂರದಲ್ಲಿದ್ದ ಬೇಥಾನ್ಯವೆಂಬದು ಯೋಹಾನನ ಸುವಾರ್ತೆಯಿಂದ ತಿಳಿದುಬರುತ್ತದೆ. ಆ ಹಳ್ಳಿಯಲ್ಲಿ ಮಾರ್ಥಳೆಂಬವಳು ಕರ್ತನನ್ನು ತನ್ನ ಮನೆಗೆ ಸೇರಿಸಿಕೊಂಡಳು. ಇದು ಒಳ್ಳೇ ಕೆಲಸವೇ. ಬಂದವನು ಪ್ರಯಾಣದಿಂದ ದಣಿದವನು. ಅವನಿಗೆ ನೀರು ಬೇಕು, ಊಟ ಬೇಕು. ಒಲೆ ಹಚ್ಚದೆ ಅತಿಥಿಸತ್ಕಾರ ಆಗುವದುಂಟೇ? ಆದರೆ ಕೆಲಸವು ಬೆಳೆಯುತ್ತಾ ಬೆಳೆಯುತ್ತಾ ಕಡೆಗೆ ಮಾರ್ಥಳನ್ನೇ ನುಂಗಿಬಿಟ್ಟಿತು. ಅವಳ ಸ್ಥಿತಿಯನ್ನು ಹೇಳುವದಕ್ಕೆ ಲೂಕನು ಗ್ರೀಕ್ ಭಾಷೆಯಲ್ಲಿ ಉಪಯೋಗಿಸಿದ ಮಾತಿಗೆ ಸುತ್ತಮುತ್ತಲೂ ಎಳೆಯಲ್ಪಡುವದು ಎಂಬ ಅರ್ಥವುಂಟು. ಒಂದು ಕೈಯನ್ನು ಒಲೆ ಎಳೆಯುತ್ತದೆ, ಇನ್ನೊಂದು ಕೈಯನ್ನು ನೀರಿನ ಕೊಡ ಎಳೆಯುತ್ತದೆ, ಕಣ್ಣನ್ನು ಬಾಗಲು ಎಳೆಯುತ್ತದೆ, ಮನಸ್ಸನ್ನು ಸುಮ್ಮನೆ ಕೂತಿರುವ ತಂಗಿಯ ಮೇಲಿನ ಸಿಟ್ಟು ಎಳೆಯುತ್ತದೆ. ನಾಲ್ಕು ಕಡೆಗೆ ಎಳೆಯಲ್ಪಟ್ಟ ಬಟ್ಟೆಯು ಹರಿಯದೆ ಇದ್ದೀತೇ?

ಇದನ್ನು ಓದುವಾಗ ನಮ್ಮ ಸಭೆಯ ತಾಯಂದಿರಲ್ಲಿ ಅನೇಕರು ತಮ್ಮ ಮನೆಯನ್ನೇ ಕಂಡಂತೆ ನಿಟ್ಟುಸಿರು ಬಿಡುವರೆಂದು ಬಲ್ಲೆವು. ಕೋಳಿ ಕೂಗುವ ಮುಂಚೆ ಏಳಬೇಕು. ಕೊಟ್ಟಿಗೆ ಬಳಿದು, ಹಾಲು ಕರೆದು, ಹೊತ್ತಿಗೆ ಸರಿಯಾಗಿ ಡೈರಿಗೆ ಮುಟ್ಟಿಸಬೇಕು. ಬಂದೊಡನೆ ಮಕ್ಕಳ ತಲೆ ಬಾಚಿ ಶಾಲೆಗೆ ಕಳುಹಿಸಬೇಕು. ಹೊಲಕ್ಕೆ ಬುತ್ತಿ ಕಟ್ಟಬೇಕು. ಸಂಘದ ಕಂತಿನ ದಿನ, ಪಡಿತರದ ದಿನ, ಸಂತೆಯ ದಿನ, ಇವು ಒಂದರ ಬೆನ್ನಿಗೆ ಒಂದು ಬರುತ್ತವೆ. ಸಾಯಂಕಾಲ ತಿರಿಗಿ ಹಾಲು, ತಿರಿಗಿ ಡೈರಿ. ಹಿರಿಯ ಮಗನನ್ನು ಪಾಠಕ್ಕೆ ಕಳುಹಿಸಿ, ಕಿರಿಯವಳನ್ನು ಗಾಯನ ಅಭ್ಯಾಸಕ್ಕೆ ಕರಕೊಂಡು ಹೋಗಬೇಕು. ನಡುವೆ ಮದುವೆ, ದೀಕ್ಷಾಸ್ನಾನ, ನೆಂಟರ ಮನೆಯ ಊಟ. ಇವೆಲ್ಲವುಗಳ ಮೇಲೆ ಮೊಬೈಲ್ ಫೋನು ಒಂದೇ ಸಮನೆ ಕೂಗುತ್ತಿರುತ್ತದೆ.

ಹೊರಗೆ ಹೊತ್ತು ತುಂಬಿದ ಹಾಗೆ ಒಳಗೆ ಮನೆಯೂ ತುಂಬಿಹೋಗಿದೆ. ಅಟ್ಟದ ಮೇಲೆ ತಳ ಒಡೆದ ಕೊಡ, ಕಿವಿ ಹೋದ ಕಡಾಯಿ. ಮಂಚದ ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಗೋಣಿಚೀಲ. ಕೆಟ್ಟ ಮಿಕ್ಸಿಯ ಪಕ್ಕದಲ್ಲಿ ಹೊಸ ಮಿಕ್ಸಿ. ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಿಗಳೂ ಡಬ್ಬಿಯಿಲ್ಲದ ಮುಚ್ಚಳಗಳೂ. ಹಗ್ಗದ ಮೇಲೆ ಯಾರೂ ಉಡದ ಬಟ್ಟೆಗಳ ರಾಶಿ. ಸತ್ಯವೇದವು ಮನೆಯಲ್ಲಿ ಉಂಟು. ಎಲ್ಲಿ ಎಂದು ಕೇಳಿದರೆ ಹುಡುಕಬೇಕು.

ಮನೆಯ ಗಲೀಜನ್ನು ಕುರಿತು ಪ್ರಸಂಗ ಮಾಡಬೇಕೇ, ಕಳ್ಳತನ ಕುಡಿಕತನಗಳ ವಿಷಯ ಹೇಳಿದರೆ ಸಾಲದೇ ಎಂದು ಕೆಲವರು ಕೇಳಿಯಾರು. ಆದರೆ ಕೇಳಿರಿ. ಕುಡುಕನನ್ನು ಸಭೆಯ ಹಿರಿಯರು ಕರೆದು ಬುದ್ಧಿ ಹೇಳುತ್ತಾರೆ. ಕೆಲಸದಿಂದ ಕಂಗೆಟ್ಟವಳನ್ನು ಎಲ್ಲರೂ ಹೊಗಳುತ್ತಾರೆ. ಆದದರಿಂದ ಅವಳ ಕೇಡು ಯಾರ ಕಣ್ಣಿಗೂ ಬೀಳುವದಿಲ್ಲ. ಸಂಜೆಗೆ ಮಗು ಪುಸ್ತಕ ಹಿಡಿದು, ಅವ್ವಾ, ಇದನ್ನು ನೋಡು ಎಂದು ಬಂದರೆ, ಆಮೇಲೆ ಬಾ ಎಂಬ ಉತ್ತರ. ಅತ್ತೆಯವರು ಮೊಣಕಾಲು ನೋವೆಂದರೆ, ನನ್ನ ನೋವನ್ನು ಯಾರು ಕೇಳುತ್ತಾರೆ ಎಂಬ ಮಾತು. ಮಲಗುವ ಹೊತ್ತಿಗೆ ಪ್ರಾರ್ಥನೆಯೆಂದರೆ ಕಣ್ಣು ಮುಚ್ಚಿಹೋಗುತ್ತದೆ. ಹೀಗೆ ಯಾರಿಗೋಸ್ಕರ ದುಡಿಯುತ್ತೇವೆಂದು ಹೇಳುತ್ತೇವೋ ಅವರಿಗೇ ಉಳಿಕೆಯ ತಳದ ಸೀಕು ಸಿಕ್ಕುತ್ತದೆ. ಮಾರ್ಥಳಿಗೆ ಆದದ್ದೂ ಇದೇ. ಅವಳು ಕರ್ತನಿಗೋಸ್ಕರ ಅಡಿಗೆಯನ್ನು ಆರಂಭಿಸಿದಳು. ಕಡೆಗೆ ಆ ಕರ್ತನ ಮುಂದೆಯೇ ನಿಂತು, ನಿನಗೆ ನನ್ನ ಚಿಂತೆ ಇಲ್ಲವಲ್ಲಾ ಎಂಬ ಅರ್ಥದ ಮಾತನ್ನಾಡಿದಳು. ಅತಿಥಿಗಾಗಿ ಎದ್ದವಳು ಅತಿಥಿಯನ್ನೇ ದೂರಿದಳು. ಇದು ಆತ್ಮಕ್ಕೆ ಅಪಾಯವಲ್ಲವೇ?

ಆದರೆ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕರ್ತನು ಕೆಲಸವನ್ನು ಖಂಡಿಸಲಿಲ್ಲ. ಯೋಹಾನನ ಸುವಾರ್ತೆಯ ೧೨ನೆಯ ಅಧ್ಯಾಯವನ್ನು ನೋಡಿರಿ. ಪಸ್ಕ ಹಬ್ಬಕ್ಕೆ ಆರು ದಿವಸ ಮುಂಚೆ ಅದೇ ಬೇಥಾನ್ಯದಲ್ಲಿ ಊಟ. ಅಲ್ಲಿಯೂ ಬಡಿಸುತ್ತಿರುವವಳು ಮಾರ್ಥಳೇ. ಆ ದಿನ ಅವಳು ಗೊಣಗಿದಳೆಂದು ಬರೆದಿಲ್ಲ, ಕರ್ತನು ಅವಳನ್ನು ತಡೆದನೆಂದೂ ಬರೆದಿಲ್ಲ. ಅದಕ್ಕೆ ಮುಂಚಿನ ಅಧ್ಯಾಯದಲ್ಲಿ, ತಮ್ಮನಾದ ಲಾಜರನು ಸತ್ತಾಗ, ದಾರಿಗೆ ಎದುರುಹೋಗಿ ಯೇಸುವೇ ಕ್ರಿಸ್ತನೆಂದು ಅರಿಕೆಮಾಡಿದವಳೂ ಇವಳೇ. ಸೌಟು ಹಿಡಿದ ಕೈ ನಂಬಿಕೆಗೆ ಅಡ್ಡಿಯಲ್ಲ. ಕೆಲಸ ಅದೇ, ಮನೆಯವರು ಅವರೇ. ಎಳೆದಾಟ ಮಾತ್ರ ನಿಂತುಹೋಗಿತ್ತು. ಹಾಗಾದರೆ ಆ ಎಳೆದಾಟವು ನಿಲ್ಲುವದು ಹೇಗೆ?

ಮೊದಲು ಮನೆಯ ಸಾಮಾನುಗಳ ವಿಷಯವನ್ನು ನೋಡೋಣ. ನಮ್ಮ ಜನರು ಏನನ್ನೂ ಬಿಸಾಡುವದಿಲ್ಲ. ಇರಲಿ, ಎಂದಾದರೂ ಬೇಕಾದೀತು ಎಂದು ಎತ್ತಿಡುತ್ತಾರೆ. ಇದನ್ನು ನಾವು ಹಾಸ್ಯ ಮಾಡಲಾರೆವು. ಬರಗಾಲವನ್ನು ಕಂಡ ಹಿರಿಯರು ಕಲಿಸಿದ ಬುದ್ಧಿ ಇದು. ಕೈಯಲ್ಲಿ ಕಾಸಿಲ್ಲದವನಿಗೆ ಹಳೇ ಮೊಳೆಯೂ ಹರಕು ಹಗ್ಗವೂ ಆಸ್ತಿಯೇ. ಕರ್ತನು ಸಹ ಐದು ಸಾವಿರ ಗಂಡಸರಿಗೆ ಊಟ ಮಾಡಿಸಿದ ಮೇಲೆ ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಅಪ್ಪಣೆಕೊಟ್ಟನು. ೧೨ ಪುಟ್ಟಿಗಳು ತುಂಬಿದವು. ದುಂದು ಮಾಡುವದು ಕ್ರೈಸ್ತನ ಗುಣವಲ್ಲ.

ಆದರೆ ಅರಣ್ಯದಲ್ಲಿ ದೇವರು ಕೊಟ್ಟ ಮನ್ನವನ್ನೂ ನೆನಸಿಕೊಳ್ಳಿರಿ. ವಿಮೋಚನಕಾಂಡದ ೧೬ನೆಯ ಅಧ್ಯಾಯದಲ್ಲಿ ಅದರ ವಿವರ ಉಂಟು. ತಲೆಗೆ ಒಂದು ಓಮೆರಿನಂತೆ, ಅಂದರೆ ಸುಮಾರು ೨ ಲೀಟರಿನ ಅಳತೆಯಷ್ಟು, ಆಯಾ ದಿನಕ್ಕೆ ಬೇಕಾದದ್ದನ್ನು ಕೂಡಿಸಿಕೊಳ್ಳಬೇಕಾಗಿತ್ತು. ಕೆಲವರು ನಾಳೆಗಿರಲಿ ಎಂದು ಎತ್ತಿಟ್ಟರು. ಬೆಳಗಾಗುವಷ್ಟರಲ್ಲಿ ಅದು ಹುಳಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು ಕೂಡಿಸಿ ಇಟ್ಟರೂ ಕೆಡಲಿಲ್ಲ, ಯಾಕಂದರೆ ಅದು ಸಬ್ಬತ್ತಿನ ವಿಶ್ರಾಂತಿಗೋಸ್ಕರ ಇಟ್ಟದ್ದು. ಪುಟ್ಟಿಯೊಳಗಿನ ತುಂಡೂ ಮಡಕೆಯೊಳಗಿನ ಮನ್ನವೂ ಎರಡೂ ಎತ್ತಿಟ್ಟವೇ. ಭೇದವೆಲ್ಲಿ? ಒಂದನ್ನು ಎತ್ತಿಟ್ಟದ್ದು ದೇವರು ಕೊಟ್ಟದ್ದು ಹಾಳಾಗಬಾರದೆಂದು. ಮತ್ತೊಂದನ್ನು ಎತ್ತಿಟ್ಟದ್ದು ನಾಳೆ ದೇವರು ಕೊಡಲಾರನೆಂಬ ಭಯದಿಂದ. ನಮ್ಮ ಅಟ್ಟವನ್ನು ಹತ್ತಿ ನೋಡುವಾಗ ಒಂದೊಂದು ವಸ್ತುವನ್ನು ಕೈಯಲ್ಲಿ ಹಿಡಿದು ಇದನ್ನೇ ಕೇಳೋಣ: ನೀನು ತುಂಡೋ, ಮನ್ನವೋ? ನಾವು ಉಪಯೋಗಿಸುತ್ತೇವೆಂದು ಇದ್ದೀಯೋ, ಇಲ್ಲವೇ ಬಿಡಲಾರೆವೆಂದು ಇದ್ದೀಯೋ?

ಮತ್ತೊಂದು ಕಾರಣವೂ ಉಂಟು. ಮದುವೆಯಲ್ಲಿ ಬಂದ ಮುಯ್ಯಿಯ ಪಾತ್ರೆಗಳು ಹಾಗೆಯೇ ಇರುತ್ತವೆ. ಕೊಟ್ಟವರು ಮನೆಗೆ ಬಂದರೆ ಕಾಣಬೇಕು, ಅವರ ಮನೆಯ ಮದುವೆಗೆ ಅದಕ್ಕಿಂತ ಕಡಿಮೆ ಕೊಡಬಾರದು ಎಂಬ ಲೆಕ್ಕ. ನೆರೆಮನೆಗೆ ಕುರ್ಚಿ ಬಂದರೆ ನಮ್ಮ ಮನೆಗೂ ಬರಬೇಕು, ಅದಕ್ಕೆ ಕಂತು ಕಟ್ಟಬೇಕು, ಕಂತಿಗಾಗಿ ಇನ್ನೆರಡು ಗಳಿಗೆ ಹೆಚ್ಚು ದುಡಿಯಬೇಕು. ಹೀಗೆ ಮನೆ ತುಂಬಿದಷ್ಟೂ ಹೊತ್ತು ಬರಿದಾಗುತ್ತದೆ. ಲೂಕನ ೧೨ನೆಯ ಅಧ್ಯಾಯದ ಐಶ್ವರ್ಯವಂತನು ಬೆಳೆ ಹೆಚ್ಚಿದಾಗ ಕಣಜವನ್ನು ಕೆಡವಿ ದೊಡ್ಡದನ್ನು ಕಟ್ಟಿಸಲು ಯೋಚಿಸಿದನು. ಹೆಚ್ಚಾದದ್ದನ್ನು ಹಸಿದವನಿಗೆ ಕೊಟ್ಟರೆ ಹಳೇ ಕಣಜವೇ ಸಾಕಾಗುತ್ತಿತ್ತು ಎಂಬದು ಅವನಿಗೆ ಹೊಳೆಯಲಿಲ್ಲ. ಆ ರಾತ್ರಿಯೇ ಅವನ ಪ್ರಾಣವು ಕೇಳಲ್ಪಟ್ಟಿತು.

ಇನ್ನು ಹೊತ್ತಿನ ವಿಷಯ. ಗಂಡಸರೇ, ಇದು ಹೆಂಗಸರ ಪಾಠವೆಂದು ಇಷ್ಟು ಹೊತ್ತು ಸುಮ್ಮನೆ ಕೇಳಿದಿರಾದರೆ ಈಗ ಕಿವಿಗೊಡಿರಿ. ವಿಮೋಚನಕಾಂಡದ ೧೮ನೆಯ ಅಧ್ಯಾಯದಲ್ಲಿ ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೂ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದನು. ಅವನ ಮಾವನಾದ ಇತ್ರೋನು ಅದನ್ನು ನೋಡಿ ಹೊಗಳಲಿಲ್ಲ; ನೀನು ಮಾಡುವದು ಒಳ್ಳೇದಲ್ಲ, ಹೀಗಾದರೆ ನೀನೂ ಸೋತುಹೋಗುತ್ತೀ, ಜನರೂ ಸೋತುಹೋಗುತ್ತಾರೆ ಎಂಬ ಭಾವದಿಂದ ಎಚ್ಚರಿಸಿದನು. ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಮುಖಂಡರನ್ನಿಟ್ಟು ಹೊರೆಯನ್ನು ಹಂಚಿಕೊಡಬೇಕೆಂದು ಆಲೋಚನೆ ಹೇಳಿದನು. ಮೋಶೆಯು ದೇವರ ಸೇವಕನಾಗಿದ್ದರೂ ಮಾವನ ಮಾತನ್ನು ಕೇಳಿದನು. ದೇವರ ಕೆಲಸವನ್ನೇ ಒಬ್ಬನು ಹೊರಲಾರದೆ ಹೋದರೆ ಒಂದು ಸಂಸಾರದ ಕೆಲಸವನ್ನು ಒಬ್ಬಳು ಹೊತ್ತಾಳೇ? ಜಗಲಿಯ ಮೇಲೆ ಕೂತು, ನೀರು ತಾ, ಚಹ ತಾ ಎಂದು ಕೂಗುವ ಗಂಡನು, ಆಮೇಲೆ ಹೆಂಡತಿಯು ಸಿಡುಕುತ್ತಾಳೆಂದು ಉಪದೇಶಿಯವರ ಹತ್ತರ ದೂರು ಹೇಳುವದು ನ್ಯಾಯವೇ? ಹಾಲನ್ನು ಡೈರಿಗೆ ಒಯ್ಯುವದಕ್ಕೆ ನಿಮ್ಮ ಕಾಲಿಗೆ ಏನಾಗಿದೆ? ತಾನು ಉಂಡ ತಟ್ಟೆಯನ್ನು ತೊಳೆಯುವದರಿಂದ ಗಂಡುಮಗನ ಮಾನ ಹೋಗುವದೇ? ಶಿಷ್ಯರ ಕಾಲು ತೊಳೆದವನ ಹೆಸರನ್ನು ಇಟ್ಟುಕೊಂಡವರು ನಾವು.

ತುಂಬಿದ ಸಂಸಾರದಲ್ಲಿಯೂ ಹೊತ್ತನ್ನು ಹೇಗೆ ಉಳಿಸಬಹುದೆಂಬದಕ್ಕೆ ಒಬ್ಬ ತಾಯಿಯ ಚರಿತ್ರೆಯನ್ನು ಹೇಳುತ್ತೇವೆ. ಇಂಗ್ಲೆಂಡ್ ದೇಶದ ಎಪ್ವರ್ಥ್ ಎಂಬ ಊರಿನಲ್ಲಿ ಸಾಮುವೇಲ್ ವೆಸ್ಲಿ ಎಂಬ ಸಭಾಪಾಲಕರಿದ್ದರು. ಅವರ ಹೆಂಡತಿ ಸುಸನ್ನಾ. ಈಕೆ ಹೆತ್ತ ಮಕ್ಕಳು ೧೯. ಅವರಲ್ಲಿ ಅನೇಕರು ಶಿಶುಗಳಾಗಿದ್ದಾಗಲೇ ತೀರಿಹೋದರು. ಮನೆಯಲ್ಲಿ ಬಡತನ. ೧೭೦೫ರಲ್ಲಿ ಗಂಡನು ಸಾಲದ ನಿಮಿತ್ತ ಸೆರೆಮನೆಯನ್ನೂ ಕಂಡನು. ಮಕ್ಕಳಿಗೆ ತಾನೇ ಓದು ಕಲಿಸುತ್ತಿದ್ದಳು. ಬೆಳಿಗ್ಗೆ ೯ರಿಂದ ೧೨ರ ವರೆಗೆ, ಮಧ್ಯಾಹ್ನ ೨ರಿಂದ ೫ರ ವರೆಗೆ ಪಾಠ. ನಮಗೆ ಹೊತ್ತಿಲ್ಲವೆಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಆ ತಾಯಿಗೆ ಇತ್ತು.

೧೭೦೯ನೆಯ ಫೆಬ್ರವರಿ ತಿಂಗಳ ಒಂದು ರಾತ್ರಿ ಆ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಓಡಿಬಂದರು; ಐದು ವರುಷದ ಹುಡುಗನಾದ ಜಾನನು ಮಾತ್ರ ಮೇಲಿನ ಕೋಣೆಯಲ್ಲಿ ಉಳಿದುಬಿಟ್ಟನು. ಏಣಿ ತರಲು ಹೊತ್ತಿರಲಿಲ್ಲ. ನೆರೆಯವನೊಬ್ಬನು ಮತ್ತೊಬ್ಬನ ಹೆಗಲ ಮೇಲೆ ನಿಂತು ಕಿಟಕಿಯಿಂದ ಅವನನ್ನು ಎತ್ತಿಕೊಂಡನು. ಮನೆಯೂ ಪುಸ್ತಕಗಳೂ ಸಾಮಾನೂ ಬೂದಿಯಾದವು. ಆದರೂ ತಂದೆಯು ಮಕ್ಕಳೆಲ್ಲರೂ ಉಳಿದದ್ದನ್ನು ಕಂಡು, ಮನೆ ಹೋದರೆ ಹೋಗಲಿ, ತಾನು ಐಶ್ವರ್ಯವಂತನೇ ಎಂದು ದೇವರನ್ನು ಸ್ತುತಿಸಿದನು. ಪ್ರಿಯರೇ, ಬೆಂಕಿಯ ಬೆಳಕಿನಲ್ಲಿ ಯಾವದು ಸಾಮಾನು, ಯಾವದು ಸಂಪತ್ತು ಎಂಬದು ಚೆನ್ನಾಗಿ ಕಾಣುತ್ತದೆ. ಅದನ್ನು ತಿಳಿಯುವದಕ್ಕೆ ನಮ್ಮ ಮನೆಗೂ ಬೆಂಕಿ ಬೀಳಬೇಕೋ?

ಮನೆ ಸುಟ್ಟ ಮೇಲೆ ಮಕ್ಕಳು ಸ್ವಲ್ಪ ಕಾಲ ಬೇರೆ ಬೇರೆ ಮನೆಗಳಲ್ಲಿ ಇರಬೇಕಾಯಿತು. ತಿರಿಗಿ ಕೂಡಿಬಂದ ನಂತರ ಆ ತಾಯಿಯು ಒಂದು ಕ್ರಮವನ್ನು ಮಾಡಿಕೊಂಡಳು. ವಾರದ ಒಂದೊಂದು ಸಾಯಂಕಾಲ ಒಂದೊಂದು ಮಗುವಿನೊಡನೆ ಪ್ರತ್ಯೇಕವಾಗಿ ಕೂತು ಮಾತಾಡುವದು. ಮಕ್ಕಳು ಹೆಚ್ಚಾಗಿದ್ದದರಿಂದ ಭಾನುವಾರಕ್ಕೆ ಇಬ್ಬರು. ತನಗೆ ಬಿಡುವಾದಷ್ಟೇ ಹೊತ್ತು ಕೊಡುತ್ತೇನೆಂದು ೧೭೧೨ರಲ್ಲಿ ಗಂಡನಿಗೆ ಬರೆದ ಕಾಗದದಲ್ಲಿ ತಿಳಿಸಿದ್ದಾಳೆ. ಜಾನನ ಪಾಲಿಗೆ ಬಂದದ್ದು ಗುರುವಾರ. ಆ ಹುಡುಗನು ಬೆಳೆದು ಆಕ್ಸ್‌ಫರ್ಡ್ ವಿದ್ಯಾಲಯದಲ್ಲಿ ಪಂಡಿತನಾಗಿದ್ದಾಗ ತಾಯಿಗೆ ಬರೆದ ಕಾಗದದಲ್ಲಿ, ಹಿಂದೆ ತನಗೆ ಕೊಡುತ್ತಿದ್ದ ಗುರುವಾರ ಸಂಜೆಯ ಆ ಸ್ವಲ್ಪ ಹೊತ್ತನ್ನು ಈಗಲೂ ತನಗಾಗಿ ಮೀಸಲಿಡಬೇಕೆಂದು ಕೇಳಿಕೊಂಡನು. ಆತನೇ ಜಾನ್ ವೆಸ್ಲಿ. ಆತನ ಹೆಸರಿನ ಮಿಷನಿನವರು ಮೈಸೂರು ಸೀಮೆಯಲ್ಲಿ ಸ್ಥಾಪಿಸಿದ ಸಭೆಗಳು ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಕೂಡಿಕೊಂಡವು. ಆ ಮಗನು ಬೆಳೆದ ಮೇಲೆ ತಾಯಿಯಿಂದ ಬೇಡಿಕೊಂಡದ್ದು ಪಾತ್ರೆಯನ್ನಲ್ಲ, ಬಟ್ಟೆಯನ್ನಲ್ಲ, ಒಂದು ಸಾಯಂಕಾಲವನ್ನು. ನಮ್ಮ ಮಕ್ಕಳು ದೊಡ್ಡವರಾದ ಮೇಲೆ ನಮ್ಮಿಂದ ಏನನ್ನು ನೆನಸಿ ಕೇಳಿಯಾರು?

ನಮ್ಮ ಊರಿನ ಕೆರೆಗಳನ್ನು ನೋಡಿರಿ. ಹೂಳು ತುಂಬಿದ ಕೆರೆಗೆ ಎಷ್ಟು ಮಳೆ ಸುರಿದರೂ ನೀರು ನಿಲ್ಲದೆ ಕೋಡಿ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದ್ದನ್ನು ಕಂಡು ಮಳೆಯನ್ನು ದೂರಿದರೆ ಪ್ರಯೋಜನವೇನು? ಮಳೆ ಬಂದಿತ್ತು, ನಿಲ್ಲುವದಕ್ಕೆ ಸ್ಥಳವಿರಲಿಲ್ಲ. ದೇವರ ಕೃಪೆಯೂ ದಿನದಿನವೂ ನಮ್ಮ ಮನೆಗಳ ಮೇಲೆ ಸುರಿಯುತ್ತದೆ. ವಾಕ್ಯವುಂಟು, ಪ್ರಾರ್ಥನೆಯುಂಟು, ಮಗುವಿನ ನಗುವುಂಟು, ಹಿರಿಯರ ಆಶೀರ್ವಾದವುಂಟು. ಇವು ನಿಲ್ಲುವಷ್ಟು ಆಳವು ನಮ್ಮ ದಿನದೊಳಗೆ ಇಲ್ಲದೆ ಹೋಗಿದೆ. ಹೂಳನ್ನು ತೆಗೆಯಬೇಕು.

ಹೂಳನ್ನು ಒಂದೇ ದಿನದಲ್ಲಿ ತೆಗೆಯಲಾಗದು. ಮಂಕರಿ ಮಂಕರಿಯಾಗಿ ಹೊರಬೇಕು. ಆದದರಿಂದ ಕೆಲವು ಸುಲಭವಾದ ಆಲೋಚನೆಗಳನ್ನು ಹೇಳುತ್ತೇವೆ. ಮನೆಯನ್ನೆಲ್ಲಾ ಒಮ್ಮೆಗೇ ಎಳೆದು ಹಾಕಬೇಡಿರಿ. ಅದರಿಂದ ಇನ್ನೊಂದು ಗೊಂದಲವಾದೀತು. ಈ ಶನಿವಾರ ಒಂದು ಮೂಲೆ, ಬರುವ ಶನಿವಾರ ಇನ್ನೊಂದು. ಗಂಡ ಹೆಂಡಿರು ಮಕ್ಕಳು ಕೂಡಿ ಮಾಡಿರಿ. ಉಪಯೋಗಿಸುವದು, ಕೊಡುವದು, ಗುಜರಿಯವನಿಗೆ ಹಾಕುವದು ಎಂದು ಮೂರು ಪಾಲು ಮಾಡಿರಿ. ಒಂದು ವರುಷದಿಂದ ಮುಟ್ಟದೆ ಇರುವ ಒಳ್ಳೇ ಪಾತ್ರೆಯು ಹೊಸದಾಗಿ ಸಂಸಾರ ಹೂಡಿದ ಬಡವರಿಗೆ ಉಪಯುಕ್ತವಲ್ಲವೇ? ಹರಿದದ್ದನ್ನೂ ತೂತಾದದ್ದನ್ನೂ ದಾನವೆಂದು ಕೊಡಬೇಡಿರಿ, ಬಡವನಿಗೂ ಮಾನವುಂಟು. ಸತ್ಯವೇದಕ್ಕೆ ಮನೆಯಲ್ಲಿ ಒಂದು ಗೂಡನ್ನು ಬರಿದುಮಾಡಿರಿ, ಅದರಲ್ಲಿ ಬೇರೇನನ್ನೂ ಇಡಬೇಡಿರಿ.

ಹೊತ್ತಿಗೂ ಹಾಗೆಯೇ ಮಾಡಿರಿ. ವಾರದ ಕೆಲಸಗಳನ್ನು ಒಂದು ಕಾಗದದ ಮೇಲೆ ಬರೆದು, ಯಾವದು ದೇವರು ಒಪ್ಪಿಸಿದ್ದು, ಯಾವದು ನಾಲ್ಕು ಜನರ ಬಾಯಿಗೆ ಹೆದರಿ ಹೊತ್ತದ್ದು ಎಂದು ವಿಚಾರಿಸಿರಿ. ಎರಡನೆಯದರಲ್ಲಿ ಒಂದನ್ನಾದರೂ ವಿನಯದಿಂದ ಬಿಟ್ಟುಬಿಡಿರಿ. ರಾತ್ರಿ ಊಟದ ಮೇಲೆ ಕಾಲು ಗಂಟೆ ಫೋನನ್ನು ಮುಚ್ಚಿಟ್ಟು ಎಲ್ಲರೂ ಕೂತುಕೊಳ್ಳಿರಿ. ಒಂದೊಂದು ಮಗುವಿಗೆ ವಾರದಲ್ಲಿ ಒಂದು ಸಂಜೆಯನ್ನು ಗೊತ್ತುಮಾಡಿರಿ. ಹತ್ತು ನಿಮಿಷವಾದರೂ ಸಾಕು, ಅದು ಅದರ ಸ್ವಂತದ್ದಾಗಿರಲಿ. ಸಭೆಯ ಹಿರಿಯರಿಗೂ ಒಂದು ಬಿನ್ನಹ: ಕೂಟದ ಮೇಲೆ ಕೂಟವನ್ನು ಗೊತ್ತುಮಾಡಿ ದಣಿದವರನ್ನು ಇನ್ನಷ್ಟು ದಣಿಸಬಾರದು. ಪ್ರಾರ್ಥನಾಕೂಟವೂ ಮಾರ್ಥಳ ಅಡಿಗೆಯಂತೆ ಆಗುವದುಂಟು.

ಇದನ್ನು ಓದಿ ಯಾರಾದರೂ ಎದೆಗುಂದಿದರೆ ಅವರಿಗೆ ಒಂದು ಮಾತು. ಗಂಡನನ್ನು ಕಳಕೊಂಡು ಒಬ್ಬಳೇ ಹೊಲವನ್ನೂ ಮಕ್ಕಳನ್ನೂ ನೋಡುವವಳೇ, ಹಾಸಿಗೆ ಹಿಡಿದವರನ್ನು ಆರೈಕೆಮಾಡುವವಳೇ, ಒಂದೇ ಕೋಣೆಯಲ್ಲಿ ಏಳು ಜನರನ್ನು ಮಲಗಿಸುವವಳೇ, ನಿಮ್ಮ ಮೇಲೆ ಇನ್ನೊಂದು ಕಟ್ಟಳೆಯನ್ನು ಹೊರಿಸಲು ನಾವು ಇದನ್ನು ಬರೆಯಲಿಲ್ಲ. ನಿಮ್ಮ ಹೊರೆಯಲ್ಲಿ ಪಾಲು ತೆಗೆದುಕೊಳ್ಳುವದು ನೆರೆಯವರಾದ ನಮ್ಮ ಕರ್ತವ್ಯ. ಮನೆಯು ಚೊಕ್ಕಟವಾದ ಮೇಲೆಯೇ ಕರ್ತನು ಬರುವನೆಂದು ನೆನಸಬೇಡಿರಿ. ಅವನು ಹುಟ್ಟಿದಾಗ ಗೋದಲಿಯಲ್ಲಿ ಮಲಗಿದವನು. ಮಾರ್ಥಳ ಮನೆಗೆ ಅವನು ಬಂದದ್ದು ಅಡಿಗೆಯಾಗುವ ಮುಂಚೆಯೇ. ಅವಳು ಸಿಡುಕಿದಾಗ ಅವನು ಎದ್ದು ಹೋಗಲಿಲ್ಲ. ಎರಡಾವರ್ತಿ ಅವಳ ಹೆಸರು ಹಿಡಿದು ಕರೆದನು. ಹೀಗೆ ಕರೆಯುವದು ಗದರಿಸುವವನ ರೀತಿಯಲ್ಲ, ಪ್ರೀತಿಸುವವನ ರೀತಿ. ನಾಲ್ಕು ಕಡೆಗೆ ಎಳೆಯಲ್ಪಡುವ ನಿಮ್ಮ ಹೆಸರೂ ಅವನಿಗೆ ಗೊತ್ತುಂಟು. ಇಂದು ಅಡಿಗೆಮನೆಯಲ್ಲಿಯೇ ಆಗಲಿ, ಹೊಲದ ಬದುವಿನ ಮೇಲೆಯೇ ಆಗಲಿ, ಅವನು ಕರೆಯುವಾಗ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತು ಕೇಳಿರಿ. ಆಮೇಲೆ ಎದ್ದು ಕೆಲಸ ಮಾಡಿರಿ. ಕೆಲಸ ಅದೇ ಇದ್ದೀತು, ಕೈಗಳು ಹಗುರವಾಗಿದ್ದಾವು.

ನಮ್ಮ ಮನೆಗಳನ್ನು ಅರಿತಿರುವ ಕರ್ತನೇ, ಬೇಡವಾದದ್ದನ್ನು ಬಿಡುವ ಧೈರ್ಯವನ್ನೂ ಹೊರೆಯನ್ನು ಹಂಚಿಕೊಳ್ಳುವ ಪ್ರೀತಿಯನ್ನೂ ನಮಗೆ ಕೊಡು. ನೀನು ಬಂದು ಕೂತುಕೊಳ್ಳುವದಕ್ಕೆ ನಮ್ಮ ಮನೆಯಲ್ಲಿಯೂ ದಿನದಲ್ಲಿಯೂ ಮನಸ್ಸಿನಲ್ಲಿಯೂ ಸ್ಥಳವಿರಲಿ. ಆಮೆನ್.